ಸಿಂಕ್ರೊನೈಸ್ಡ್‌ಲಿಸ್ಟ್ ಹಾಕಿದ ಮೇಲೂ ಲೂಪ್ ಮಧ್ಯೆ ಎಕ್ಸೆಪ್ಶನ್

ಲಾಟ್‌ಪಟ್ಟಿ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ ಇಲ್ಲಿನ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ ಇದೆ. ಮೆಕ್ಕೆಜೋಳದ ಲಾಟ್‌ಗಳನ್ನು ಟಿವಿಯಲ್ಲಿ ತೋರಿಸೋಕೆ ಜಾವಾದಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಪಕ್ಕಪಕ್ಕದಲ್ಲೇ ಓಡುವ ಕೆಲಸ) ಹೊಸ ಲಾಟ್ ಸೇರಿಸುತ್ತದೆ. ಇನ್ನೊಂದು 5 ಸೆಕೆಂಡಿಗೊಮ್ಮೆ ಪಟ್ಟಿ ಓದಿ ತೋರಿಸುತ್ತದೆ. ಮನೆಯಲ್ಲಿ ಎರಡು ದಿನ ಓಡಿಸಿದೆ, ಏನೂ ಆಗಲಿಲ್ಲ. ಅಂಗಡಿಯಲ್ಲಿ ಗಾಡಿಗಳು ಸಾಲುಗಟ್ಟಿದ ಹೊತ್ತಿಗೇ ಟಿವಿ ನಿಂತುಹೋಗುತ್ತದೆ. ಲಾಗ್‌ನಲ್ಲಿ ಕಾನ್‌ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಶನ್, ಅಂದರೆ ಓದುತ್ತಿರುವಾಗಲೇ ಪಟ್ಟಿ ಬದಲಾಯಿತು ಅನ್ನುವ ದೋಷ. ಮೊದಲು ಬರೀ ಅರೇಲಿಸ್ಟ್ (ಜಾವಾದ ಮಾಮೂಲಿ ಪಟ್ಟಿ) ಇತ್ತು. ಈಗ ಅದಕ್ಕೆ, ಒಂದು ಸಲಕ್ಕೆ ಒಂದೇ ಥ್ರೆಡ್ ಮುಟ್ಟುವಂತೆ ಲಾಕ್ ಹಾಕುವ ಕಲೆಕ್ಷನ್ಸ್.ಸಿಂಕ್ರೊನೈಸ್ಡ್‌ಲಿಸ್ಟ್ ಸುತ್ತಿದ್ದೇನೆ, ಆದರೂ ಅದೇ ಕಥೆ. ಲಾಕ್ ಇದ್ದ ಮೇಲೂ ಹೀಗೇಕೆ?

ಕೋಟೆಕಲ್ಲು, ಚಿತ್ರದುರ್ಗ:
ಆ ಲಾಕ್ ಒಂದೊಂದು ಕರೆಗೆ ಮಾತ್ರ ಕಣ್ರಿ. ಆಡ್‌ಗೆ ಒಮ್ಮೆ, ಗೆಟ್‌ಗೆ ಒಮ್ಮೆ. ಲೂಪ್‌ನಲ್ಲಿ ಪಟ್ಟಿಯನ್ನು ಒಂದೊಂದಾಗಿ ಓದಿಸುವ ಇಟರೇಟರ್‌ಗೆ ಲಾಕೇ ಇಲ್ಲ. ನೀವು ಚೀಲ ಎಣಿಸುತ್ತಿರುವಾಗಲೇ ಹಮಾಲರು ಅದೇ ರಾಶಿಗೆ ಇನ್ನೆರಡು ಚೀಲ ಇಳಿಸಿದರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ಅರೇಲಿಸ್ಟ್ ಒಳಗೆ ಮಾಡ್‌ಕೌಂಟ್ ಅಂತ ಒಂದು ಎಣಿಕೆ ಇದೆ. ಸೇರಿಸಿದರೂ ತೆಗೆದರೂ ಅದು ಏರುತ್ತದೆ. ಇಟರೇಟರ್ ಶುರುವಿನಲ್ಲೇ ಅದನ್ನು ಬರೆದಿಟ್ಟುಕೊಂಡು ಪ್ರತಿ ನೆಕ್ಸ್ಟ್‌ಗೂ ತಾಳೆ ನೋಡುತ್ತದೆ. ಹೊಂದದಿದ್ದರೆ ಎಕ್ಸೆಪ್ಶನ್. ಅದೂ ಖಾತ್ರಿ ಇಲ್ಲ, ಕೆಲವು ಸಲ ಸದ್ದಿಲ್ಲದೆ ತಪ್ಪು ಪಟ್ಟಿ ಬರುತ್ತದೆ. ನಿಮಗೆ ಎಕ್ಸೆಪ್ಶನ್ ಬಂದಿದ್ದೇ ಪುಣ್ಯ. ದಯವಿಟ್ಟು ಸುಮ್ನೆ ಕ್ಯಾಚ್ ಹಾಕಿ ಎಕ್ಸೆಪ್ಶನ್ ಮುಚ್ಚಬೇಡಿ.

ಇಡೀ ಲೂಪನ್ನು ಸಿಂಕ್ರೊನೈಸ್ಡ್ ಬ್ಲಾಕ್ ಒಳಗೆ ಹಾಕಿ. ಲಾಕ್ ಸುತ್ತಿದ ಪಟ್ಟಿಯ ಮೇಲೇ ಇರಬೇಕು. ದಿಸ್ (ನಿಮ್ಮ ಸ್ವಂತ ಆಬ್ಜೆಕ್ಟ್) ಮೇಲೆ ಹಾಕಿದರೆ ಉಪಯೋಗವಿಲ್ಲ, ಒಳಗಿನ ಅರೇಲಿಸ್ಟ್ ಮೇಲೆ ಹಾಕಿದರೂ ಇಲ್ಲ. ಆದರೆ ಟಿವಿಗೆ ಬರೆದು ಮುಗಿಯುವವರೆಗೆ ಸೇರಿಸುವ ಥ್ರೆಡ್ ಕಾಯಬೇಕಾಗುತ್ತದೆ. ನಾನಾಗಿದ್ದರೆ ನ್ಯೂ ಅರೇಲಿಸ್ಟ್ ಮಾಡಿ ಅದಕ್ಕೆ ಈ ಪಟ್ಟಿ ಕೊಟ್ಟು ಪ್ರತಿ ತೆಗೆದುಕೊಂಡು, ಪ್ರತಿಯ ಮೇಲೆ ಲೂಪ್ ಓಡಿಸುತ್ತಿದ್ದೆ. ಪ್ರತಿ ಮಾಡಲು ಒಳಗೆ ನಡೆಯುವುದು ಟುಅರೇ ಎಂಬ ಒಂದೇ ಕರೆ, ಲಾಕ್ ತಾನಾಗಿ ಸಿಗುತ್ತದೆ.

ಲಾಟ್‌ಪಟ್ಟಿ:
ಅಣ್ಣಾ, ಟಿವಿ ಈಗ ನಿಲ್ಲುತ್ತಿಲ್ಲ! ಆದರೆ ಮಾರಾಟವಾದ ಲಾಟ್ ತೆಗೆಯುವ ಲೂಪ್‌ನಲ್ಲಿ ಅದೇ ಎಕ್ಸೆಪ್ಶನ್. ಬೇರೆ ಥ್ರೆಡ್‌ಗಳನ್ನೆಲ್ಲ ನಿಲ್ಲಿಸಿ ನೋಡಿದೆ, ಆಗಲೂ ಬಂತು. ಗೆಳೆಯನೊಬ್ಬ ಕಾಪಿಆನ್‌ರೈಟ್‌ಅರೇಲಿಸ್ಟ್ ಹಾಕು ಅಂತಾನೆ.

ಕೋಟೆಕಲ್ಲು:
ಫಾರ್‌ಈಚ್ ಲೂಪ್ ಒಳಗೆ ಪಟ್ಟಿಯ ರಿಮೂವ್ ಕರೆದಿರಬೇಕು. ಅದಕ್ಕೆ ಎರಡನೇ ಥ್ರೆಡ್ ಬೇಕಿಲ್ಲ, ಒಂದೇ ಸಾಕು. ಷರತ್ತಿಗೆ ಹೊಂದಿದ್ದನ್ನೆಲ್ಲ ಒಂದೇ ಕರೆಯಲ್ಲಿ ತೆಗೆಯುವ ರಿಮೂವ್‌ಇಫ್ ಬಳಸಿ, ಜಾವಾ 8ರಿಂದ ಇದೆ. ಸಿಂಕ್ರೊನೈಸ್ಡ್‌ಲಿಸ್ಟ್‌ನಲ್ಲಿ ಅದು ಪೂರ್ತಿ ಲಾಕ್ ಹಿಡಿದೇ ಓಡುತ್ತದೆ.

ನಿಮ್ಮ ಗೆಳೆಯ ಹೇಳಿದ್ದು ಪ್ರತಿ ಆಡ್‌ಗೂ ಇಡೀ ಅರೇಯ ಹೊಸ ಪ್ರತಿ ಮಾಡುತ್ತದೆ. ಓದುವುದು ಜಾಸ್ತಿ, ಬರೆಯುವುದು ಅಪರೂಪ ಅನ್ನುವ ಕಡೆ ಅದು ಚೆಂದ. ಸೀಸನ್ನಿನ ಯಾರ್ಡಿಗಲ್ಲ. ಇನ್ನೂರು ಲಾಟ್‌ಗೆ ಏನೂ ಗೊತ್ತಾಗಲ್ಲ ಬಿಡಿ, ಆದರೆ ಅದರ ಇಟರೇಟರ್‌ನಲ್ಲಿ ರಿಮೂವ್ ನಡೆಯುವುದೇ ಇಲ್ಲ.

ಇನ್ನೊಂದು. ಪ್ರತಿಯಾಗಿದ್ದು ಪಟ್ಟಿ ಮಾತ್ರ, ಲಾಟ್‌ಗಳಲ್ಲ. ಟಿವಿಗೆ ಬರೆಯುವಾಗ ಬೇರೆ ಥ್ರೆಡ್ ದರ ಬದಲಿಸಿದರೆ?

ಲಾಟ್‌ಪಟ್ಟಿ:
ಅಯ್ಯೋ, ಬದಲಿಸುತ್ತದೆ! ಸೆಟ್‌ದರ ಅಂತ ಮೆಥಡ್ಡೇ ಇಟ್ಟಿದ್ದೇನೆ. ಅದನ್ನು ಕಿತ್ತು ಫೀಲ್ಡ್‌ಗಳನ್ನೆಲ್ಲ ಫೈನಲ್ (ಆಮೇಲೆ ಬದಲಿಸಲಾಗದಂತೆ) ಮಾಡುತ್ತೇನೆ, ದರ ಬದಲಾದರೆ ಹೊಸ ಲಾಟ್. ನಾಳೆ ಟೆಂಡರ್ ಮುಗಿದ ಮೇಲೆ ಬಂದು ಹೇಳುತ್ತೇನೆ.