ಇರಾಕ್ ಯುದ್ಧ, 2003: ಬ್ರಿಟನ್ನಿನ ಜನರ ವಿರೋಧದಿಂದ ಏನಾದರೂ ಆಯಿತೇ?

ಪ್ರಶ್ನೆ (ಮೈಸೂರಿನಿಂದ)

ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. 2003ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ, ಪೊಲೀಸರ ಲೆಕ್ಕದ ಪ್ರಕಾರವೇ ಏಳೂವರೆ ಲಕ್ಷ ಜನ ಯುದ್ಧ ಬೇಡವೆಂದು ಮೆರವಣಿಗೆ ನಡೆಸಿದರು. ಸಂಘಟಕರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಐದು ವಾರ ತುಂಬುವ ಮೊದಲೇ ಟೋನಿ ಬ್ಲೇರ್ ಸರ್ಕಾರ ಅಮೆರಿಕದ ಜೊತೆಗೂಡಿ ಇರಾಕಿನ ಮೇಲೆ ದಂಡೆತ್ತಿ ಹೋಯಿತು. "ಹಾಗಾದರೆ ಅವರೆಲ್ಲ ನಡೆದದ್ದು ವ್ಯರ್ಥವೇ, ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನಗೇ ಒಪ್ಪಿಗೆಯಾಗುವಂಥ ಉತ್ತರ ಹೊಳೆಯಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಆಗ ಲಂಡನ್ನಿನಲ್ಲಿ ಓದುತ್ತಿದ್ದವನು)

ಆ ಮೆರವಣಿಗೆಯಲ್ಲಿ ನಾನೂ ಇದ್ದೆ. ಕೈ ಮರಗಟ್ಟುವಷ್ಟು ಚಳಿ. ಜನರ ಒತ್ತಿನಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ಹೈಡ್ ಪಾರ್ಕ್ ಕಡೆಗೆ ಸಾಗಬೇಕಿತ್ತು. ಪಕ್ಕದಲ್ಲಿದ್ದ ವೃದ್ಧರೊಬ್ಬರು ತಮ್ಮ ಊರುಗೋಲಿಗೆ ರಟ್ಟಿನ ತುಂಡೊಂದನ್ನು ದಾರದಿಂದ ಕಟ್ಟಿ, ಅದರ ಮೇಲೆ "ನನ್ನ ಹೆಸರಿನಲ್ಲಿ ಬೇಡ" ಎಂದು ಬರೆದಿದ್ದರು. ಜೀವಮಾನವಿಡೀ ಬ್ಲೇರ್ ಅವರ ಲೇಬರ್ ಪಕ್ಷಕ್ಕೇ ಮತ ಹಾಕಿದವರು ತಾವೆಂದೂ, ಬೀದಿಗೆ ಇಳಿದದ್ದು ಇದೇ ಮೊದಲೆಂದೂ ಹೇಳಿದರು.

ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಯುದ್ಧ ಹೂಡುವ ಅಧಿಕಾರ ರಾಜಮನೆತನದ ಪರಮಾಧಿಕಾರದ ಹೆಸರಿನಲ್ಲಿ ಪ್ರಧಾನಿಯ ಕೈಯಲ್ಲಿದೆ. ಸಂಸತ್ತಿನ ಒಪ್ಪಿಗೆ ಕಾನೂನಿನ ಪ್ರಕಾರ ಬೇಕಾಗಿಲ್ಲ. ಹಾಗಿದ್ದೂ ಬೀದಿಯ ಒತ್ತಡಕ್ಕೂ ಸ್ವಪಕ್ಷದ ಅಸಮಾಧಾನಕ್ಕೂ ಮಣಿದು ಬ್ಲೇರ್ ಮಾರ್ಚ್ 18ರಂದು ವಿಷಯವನ್ನು ಮತಕ್ಕೆ ಹಾಕಬೇಕಾಯಿತು. ಯುದ್ಧಕ್ಕೆ ಇನ್ನೂ ಆಧಾರ ಸಾಲದೆಂಬ ತಿದ್ದುಪಡಿಯನ್ನು ಲೇಬರ್ ಪಕ್ಷದ 139 ಸದಸ್ಯರು ಬೆಂಬಲಿಸಿದರು. ಸರ್ಕಾರದ ನಿರ್ಣಯ 412–149ರಲ್ಲಿ ಗೆದ್ದಿತು, ನಿಜ. ಆದರೆ ಅಂದು ಬಿದ್ದ ದಾರಿಯಲ್ಲೇ 2013ರ ಆಗಸ್ಟ್‌ನಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಕೂಡ ನಡೆಯಬೇಕಾಯಿತು; ಸಿರಿಯಾದ ಮೇಲಿನ ದಾಳಿಯ ಪ್ರಸ್ತಾವ 285–272ರಲ್ಲಿ ಸೋತಾಗ ಅವರು ಹಿಂದೆ ಸರಿದರು.

ಉತ್ತರ 2 (ಧಾರವಾಡದಿಂದ)

ಮೇಲಿನವರ ಅನುಭವಕ್ಕೆ ಗೌರವವಿದೆ, ಆದರೆ ಆ ಮತದಾನವನ್ನು ಅಷ್ಟು ಎತ್ತಿಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ಮತ ಹಾಕಿದವರ ಕೈಗೆ ಸತ್ಯ ಪೂರ್ತಿಯಾಗಿ ಸಿಕ್ಕಿತ್ತೇ? ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಿಂದ ಯುದ್ಧಕ್ಕೆ ಒಪ್ಪಿಗೆ ಕೊಡುವ ಎರಡನೆಯ ನಿರ್ಣಯ ಪಡೆಯುವುದೇ ಕಾನೂನಿನ ದೃಷ್ಟಿಯಿಂದ ಸುರಕ್ಷಿತವೆಂದು ಸರ್ಕಾರದ ಮುಖ್ಯ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಗೋಲ್ಡ್‌ಸ್ಮಿತ್ ಮಾರ್ಚ್ 7ರಂದು ಪ್ರಧಾನಿಗೆ ಕೊಟ್ಟ ದೀರ್ಘ ಅಭಿಪ್ರಾಯ ಸದಸ್ಯರ ಕಣ್ಣಿಗೆ ಬೀಳಲೇ ಇಲ್ಲ. ಮಾರ್ಚ್ 17ರಂದು ಅವರಿಗೆ ಸಿಕ್ಕಿದ್ದು ಯುದ್ಧ ಕಾನೂನುಬದ್ಧವೆನ್ನುವ ಚುಟುಕು ಹೇಳಿಕೆ ಮಾತ್ರ. ಶಾಂತಿಯ ಮಾರ್ಗಗಳು ಇನ್ನೂ ಮುಗಿದಿರಲಿಲ್ಲವೆಂದು ಈ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ಚಿಲ್ಕಾಟ್ ವಿಚಾರಣೆಯ ವರದಿ ಹೇಳಿದ್ದು 2016ರ ಜುಲೈನಲ್ಲಿ, 12 ಸಂಪುಟಗಳಲ್ಲಿ. ಅಷ್ಟರಲ್ಲಿ 179 ಬ್ರಿಟಿಷ್ ಸೈನಿಕರೂ ಲೆಕ್ಕಕ್ಕೇ ಸರಿಯಾಗಿ ಸಿಗದಷ್ಟು ಇರಾಕಿಗಳೂ ಸತ್ತಿದ್ದರು. ಇನ್ನು ಆ ದಾರಿಯ ಮಾತು: 2018ರಲ್ಲಿ ಆಗಿನ ಪ್ರಧಾನಿ ಥೆರೇಸಾ ಮೇ ಸಂಸತ್ತನ್ನು ಕೇಳದೆಯೇ ಸಿರಿಯಾದ ಮೇಲೆ ದಾಳಿ ಮಾಡಿಸಿದರು.

ಉತ್ತರ 3 (ಬೆಂಗಳೂರಿನಿಂದ)

ನಿಮ್ಮ ವಿದ್ಯಾರ್ಥಿನಿಗೆ ರಾಬಿನ್ ಕುಕ್ ಅವರ ಮಾತನ್ನು ಓದಿಸಿ. ಹಿಂದೆ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದ ಅವರು ಮಾರ್ಚ್ 17ರಂದು ಸಂಪುಟ ಬಿಟ್ಟು ಬಂದು, ಹೊರಗೆ ಅಂತಾರಾಷ್ಟ್ರೀಯ ಒಪ್ಪಿಗೆಯೂ ಒಳಗೆ ಜನರ ಬೆಂಬಲವೂ ಇಲ್ಲದ ಈ ಯುದ್ಧದ ಹೊಣೆಯನ್ನು ಹೊರಲಾರೆನೆಂದು ಸಂಸತ್ತಿನಲ್ಲಿ, ಸಚಿವರಲ್ಲದವರು ಕೂರುವ ಹಿಂದಿನ ಸಾಲಿನಿಂದ ಎದ್ದುನಿಂತು ಹೇಳಿದರು. ಚಪ್ಪಾಳೆಯ ರೂಢಿಯೇ ಇಲ್ಲದ ಆ ಸದನದಲ್ಲಿ ಸದಸ್ಯರು ಎದ್ದು ಚಪ್ಪಾಳೆ ತಟ್ಟಿದರು. ಇರಾಕಿನ ಬಳಿ, ಸಾಮಾನ್ಯ ಅರ್ಥದಲ್ಲಿ, ಸಮೂಹನಾಶಕ ಅಸ್ತ್ರಗಳು ಇರಲಾರವೆಂದು ಅವರು ಅಂದೇ ಹೇಳಿದ್ದರು.

ನಮ್ಮ ದೇಶದ ಮಾತನ್ನೂ ಸೇರಿಸಿ. ಆ ಏಪ್ರಿಲ್‌ನಲ್ಲಿ ಲೋಕಸಭೆ ಯುದ್ಧವನ್ನು ಖಂಡಿಸಿ ನಿರ್ಣಯ ಅಂಗೀಕರಿಸಿತು. ಇರಾಕಿಗೆ ಸೇನೆ ಕಳುಹಿಸಬೇಕೆಂಬ ಅಮೆರಿಕದ ಕೋರಿಕೆಯನ್ನು ವಾಜಪೇಯಿ ಸರ್ಕಾರ ಜುಲೈನಲ್ಲಿ ಒಪ್ಪಲಿಲ್ಲ. ಆದರೆ ಯುದ್ಧಕ್ಕೆ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ವಿಧಿ ನಮ್ಮ ಸಂವಿಧಾನದಲ್ಲೂ ಇಲ್ಲ. ತರಗತಿಯಲ್ಲಿ ಅದನ್ನೂ ಚರ್ಚೆಗೆ ಇಡಿ.