ಬಾಡಿದ ಕೊಂಬೆಗೆ ಚಿಟ್ಟೆಗಳು ಯಾಕೆ ಮುತ್ತುತ್ತವೆ?

ಪ್ರಶ್ನೆ
ನಮ್ಮದು ಸಾಗರದ ಹತ್ತಿರ ಹಳ್ಳಿ. ಬೇಲಿ ಪಕ್ಕ ಒಂದು ಗಿಲಿಗಿಚ್ಚಿ ಗಿಡ ಇದೆ, ಸೆಣಬಿನ ಜಾತಿಯದು. ಹಳದಿ ಹೂ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತೆ. ಹೋದ ವಾರ ಅದರ ಕೊಂಬೆ ಒಂದು ಮುರಿದು ಬಾಡಿತು. ಆಮೇಲಿಂದ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಆ ಕೊಂಬೆ ಬಿಟ್ಟು ಏಳುತ್ತಿಲ್ಲ. ಪಕ್ಕದಲ್ಲೇ ಲಂಟಾನ ಹೂ ತುಂಬಿದೆ, ಆ ಕಡೆ ತಿರುಗಿಯೂ ನೋಡಲ್ಲ. ಕಾಫಿ ಲೋಟ ಹಿಡಿದು ಹತ್ತಿರ ಕೂತು ನೋಡಿದೆ. ಬಾಡಿದ ಎಲೆಯನ್ನು ಕಾಲಿಂದ ಕೆರೆದು, ಕೆರೆದ ಜಾಗಕ್ಕೆ ನಾಲಿಗೆ ಒತ್ತುತ್ತವೆ. ಏನಿದೆ ಅದರಲ್ಲಿ? ದನ ತಿಂದರೆ ಕಷ್ಟ, ಕಿತ್ತು ಹಾಕು ಅಂತಾರೆ ಮಾವ. ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ 1
ಅಕ್ಕ, ಅವು ಹೆಚ್ಚುಕಮ್ಮಿ ಎಲ್ಲವೂ ಗಂಡು. ಹೆಣ್ಣನ್ನು ಒಲಿಸಿಕೊಳ್ಳುವ ಪರಿಮಳಕ್ಕೆ ಸಾಮಾನು ಕೂಡಿಸುತ್ತಿವೆ. ಆ ಗಿಡದಲ್ಲಿ ಪೈರೊಲಿಝಿಡಿನ್ ಆಲ್ಕಲಾಯ್ಡ್ ಅನ್ನೋ ಕಹಿ ವಿಷ ಇದೆ. ನಾಲಿಗೆಯಿಂದ ದ್ರವ ಬಿಟ್ಟು, ಕರಗಿಸಿ ಹೀರುತ್ತವೆ. ಗಂಡಿನ ಮೈಯಲ್ಲಿ ಅದರಿಂದಲೇ ಡನೈಡೋನ್ ಅನ್ನೋ ವಾಸನೆಯ ವಸ್ತು ಆಗುತ್ತೆ. ಹೊಟ್ಟೆಯ ತುದಿಯಲ್ಲಿ ಕುಂಚದಂಥ ಎರಡು ಕೂದಲ ಗೊಂಚಲು ಅಡಗಿರುತ್ತವೆ. ಹೆಣ್ಣು ಕಂಡಾಗ ಅವನ್ನು ಹೊರಗೆ ಅರಳಿಸಿ, ಅದರ ಕುಡಿಮೀಸೆಗೆ ಪರಿಮಳ ತಾಗಿಸುತ್ತೆ. ಫ್ಲಾರಿಡಾದ ಕ್ವೀನ್ ಚಿಟ್ಟೆ ನಮ್ಮ ಎಕ್ಕದ ಗಿಡದ ಪ್ಲೇನ್ ಟೈಗರ್‌ಗೆ ನಂಟು. ಡನೈಡೋನ್ ಇಲ್ಲದ ಗಂಡು ಎಷ್ಟು ಸುತ್ತಿದರೂ ಹೆಣ್ಣು ಒಪ್ಪೋದು ಕಮ್ಮಿ ಅಂತ ಆ ಕ್ವೀನ್‌ನಲ್ಲಿ 1969ರಲ್ಲೇ ಪ್ಲಿಸ್ಕೆ, ಐಸ್ನರ್ ಅನ್ನೋ ವಿಜ್ಞಾನಿಗಳು ತೋರಿಸಿದರು.

ಉತ್ತರ 2
ಕೂಡುವಾಗ ಗಂಡು ಆ ವಿಷದ ಪಾಲನ್ನೂ ಹೆಣ್ಣಿಗೆ ಕೊಡುತ್ತೆ. ಕ್ವೀನ್‌ನಲ್ಲಿ ಅದು ಮೊಟ್ಟೆವರೆಗೂ ಹೋಗುತ್ತೆ. ನಿಮ್ಮ ಮಾವ ಹೇಳೋದೂ ಸರಿ, ದನ ಇದನ್ನು ತಿಂದರೆ ಲಿವರ್ ಹಾಳಾಗುತ್ತೆ. ಗಿಡ ಕೀಳೋದು ಬೇಡ, ಸುತ್ತ ಮುಳ್ಳು ಹಾಕಿ. ಬಾಡಿದ ಕೊಂಬೆ ಕಡಿದು ಜಗಲಿಯ ಸೂರಿಗೆ ಕಟ್ಟಿ. ಅಲ್ಲಿಗೂ ಬರುತ್ತವೆ.

ಕೇಳಿದವರು
ಕಟ್ಟಿದೆ, ಬಂದವು! ಇವತ್ತು ಹತ್ತೂವರೆಗೆ ಕಣಗಲೆ ಮೇಲೆ ಒಂದು ಕ್ರೋ ಸುಮ್ನೆ ಕೂತಿತ್ತು. ಇನ್ನೊಂದು ಅದರ ಮೇಲೆ, ಗೇಣೆತ್ತರದಲ್ಲಿ, ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು. ಹೊಟ್ಟೆಯ ತುದಿಯಲ್ಲಿ ಹಳದಿ ಕುಂಚ! ಎರಡು ಪುಟ್ಟ ಸೇವಂತಿಗೆ ಅರಳಿದ ಹಾಗೆ. ಮಾವನನ್ನು ಕೂಗಿದೆ. ಅವರು ಕನ್ನಡಕ ಹುಡುಕಿ ಬರುವಷ್ಟರಲ್ಲಿ ಎರಡೂ ಹಿಂಬದಿ ಕೂಡಿಸಿಕೊಂಡು ಕೂತಿದ್ದವು. ನಾವು ನೋಡುತ್ತಿದ್ದಂತೆ ಒಂದು ಇನ್ನೊಂದನ್ನು ಹೊತ್ತುಕೊಂಡೇ ಹಲಸಿನ ಮರಕ್ಕೆ ಹಾರಿತು. ಹೊತ್ತದ್ದು ಗಂಡೇ ಅಲ್ವಾ?

ಉತ್ತರ 1
ಹೌದು ಅಕ್ಕ. ಈ ಕುಲದಲ್ಲಿ ಹೊರೋದು ಗಂಡೇ.