ಊರಿಗೆ ಮರಳಿದ ಯೋಧ: ಬೆಚ್ಚಿಬೀಳೋ ದೃಶ್ಯ ಹೇಗೆ ತೆಗೆಯೋದು?

ಪ್ರಶ್ನೆ: ತೀರ್ಥಹಳ್ಳಿ ಕಡೆ ತೊಟ್ಟಿಮನೇಲಿ ಕಿರುಚಿತ್ರ. ಅಡಿಕೆ ತೋಟದಲ್ಲಿ ಮಂಗ ಓಡಿಸೋ ಪಟಾಕಿಗೆ ಯೋಧ ಬೆಚ್ಚುತ್ತಾನೆ. ಫ್ಲ್ಯಾಶ್‌ಬ್ಯಾಕ್ ಬೇಕಾ?

ಉತ್ತರ 1: ಬೇಡ ಮಾರಾಯ್ರೆ, ಅದು ಸವಕಲು. ಉಸಿರು ಕಟ್ಟಲಿ, ಕಣ್ಣು ಬಾಗಿಲಿಗೆ ಓಡಲಿ, ಕಾಫಿ ಲೋಟ ಅರ್ಧದಲ್ಲೇ ನಿಲ್ಲಲಿ. ಪಿಟಿಎಸ್‌ಡಿ (ಭೀಕರ ಆಘಾತದ ನಂತರ ಕಾಡೋ ಮಾನಸಿಕ ಸಮಸ್ಯೆ) ಅನ್ನೋಕೆ ಲಕ್ಷಣಗಳು 1 ತಿಂಗಳಿಗಿಂತ ಹೆಚ್ಚು ಇರಬೇಕು; ಬಸ್ಸಿಳಿದ ದಿನವೇ ಡಾಕ್ಟರ್ ಬಾಯಲ್ಲಿ ಆ ಹೆಸರು ಹೇಳಿಸಬೇಡಿ. ನಿದ್ದೆಗೇಡು, ನೆಂಟರಿಂದ ತಪ್ಪಿಸಿಕೊಳ್ಳೋದು ಮೊದಲೇ ಕಾಣಲಿ.

ಉತ್ತರ 2: ನಿಜವಾದ ಪಟಾಕಿ ಹೊಡೆದರೆ ಮೈಕಲ್ಲಿ ಸದ್ದು ಒಡೆಯುತ್ತೆ, ಸಂಭಾಷಣೆಯೂ ಹಾಳು. ಹಲಗೆ ಬಡಿದು ನಟನಿಗೆ ಸೂಚನೆ ಕೊಡಿ, ಸದ್ದು ಆಮೇಲೆ ಸೇರಿಸಿ. ಸೆಕೆಂಡಿಗೆ 25 ಫ್ರೇಮ್ ತೆಗೆಯೋದಾದ್ರೆ ಕ್ಯಾಮೆರಾ ಶಟರ್ 1/50 ಸೆಕೆಂಡಿಗೆ ಇಡಿ, ಇಲ್ಲದಿದ್ರೆ ಬಲ್ಬ್ ಮಿನುಗಬಹುದು.

ಉತ್ತರ 3: ಮಳೆಗಾಲದಲ್ಲಿ ಮಾತ್ರ ಬೇಡ. ತಗಡಿನ ಸದ್ದಲ್ಲಿ ಮಾತೇ ಕೇಳಲ್ಲ.